ಅಂಬಿಗನ ಐದನೇ ಪೆಗ್ಗು

ಕಾಳಿ ಹೊಳೆಯ ದಂಡೆಯಲ್ಲೊಂದು ಬಾರು. ಅಲ್ಲಿ ಮದ್ಯ ಬಡಿಸುವ ವಿದ್ಯೆ ಕಲಿಸುತ್ತಿದ್ದವರು ಇನಾಸ್ ಮಾಸ್ತರರು. ಗಡ್ಡವಿಲ್ಲ, ಕಾವಿಯಿಲ್ಲ, ಗುರು ಮಾತ್ರ ಹೌದು.

ಅಂದು ಶಿಷ್ಯೆ ಸುಲಕ್ಷಾಗೆ ಪರೀಕ್ಷೆ. ಗೆದ್ದರೆ ಕೌಂಟರು ಅವಳದು. ಸೋತರೆ ಮತ್ತೆ ಅಡುಗೆಮನೆಯಲ್ಲಿ ಮೀನು ಕೊಯ್ಯುವುದು.

ಆಗಷ್ಟೇ ದೋಣಿ ಪಂದ್ಯ ಮುಗಿದಿತ್ತು. ದಂಡೆಯ ತುಂಬ ಡೋಲು, ಸಿಳ್ಳೆ, ಕೇಕೆ. ಗೆದ್ದ ಅಂಬಿಗ ದತ್ತಾರಾಮ ಒದ್ದೆ ಬನಿಯನ್ನಿನಲ್ಲೇ ನುಗ್ಗಿಬಂದು, ನಾಲ್ಕು ಪೆಗ್ಗು ಇಳಿಸಿ, ಮೇಜು ಗುದ್ದಿದ.

“ಇನ್ನೊಂದು ಹಾಕೇ ತಂಗಿ! ಜನರನ್ನ ಆಚೆ ದಡಕ್ಕೆ ಬಿಟ್ಟು ಬರಬೇಕು.”

ಸುಲಕ್ಷಾ ಕೌಂಟರಿನಿಂದ ಮುಂದೆ ಬಂದಳು. ಕಲಿತದ್ದನ್ನು ತೋರಿಸಲು ಇಂಥ ಗಿರಾಕಿ ಇನ್ನೆಲ್ಲಿ ಸಿಗಬೇಕು!

“ಎಷ್ಟು ಏರಿದೆ ನೋಡೋಣ. ಮೊದಲು ಈ ಟೈಲ್ಸಿನ ಗೆರೆ ಮೇಲೆ ನಡೆದು ತೋರಿಸು, ದತ್ತಾರಾಮಣ್ಣ.”

“ಇದೇನೇ, ವಧುಪರೀಕ್ಷೆಯಾ?”

ನಗುತ್ತಲೇ ನಡೆದ. ಬಾಣ ಬಿಟ್ಟಂತೆ. ಒಂದಿಂಚು ಅತ್ತಿತ್ತ ಇಲ್ಲ.

ಸುಲಕ್ಷಾ ಗುರುವಿನತ್ತ ತಿರುಗಿದಳು. “ನೋಡಿದಿರಾ ಮಾಸ್ತರೇ? ಕಾಲು ಗಟ್ಟಿ, ಮಾತು ಗಟ್ಟಿ. ಹಾಕಲಾ?”

“ನಿನಗೆ ಸರಿ ಕಂಡರೆ ಹಾಕು.”

ಹಾಗೆಂದವರು ಪ್ಯಾಂಟು ಮಡಚಿಕೊಂಡು ಮೆಟ್ಟಿಲಿಳಿದರು. ದತ್ತಾರಾಮನ ದೋಣಿಯಲ್ಲಿ ಆಗಲೇ ಜನ ಕಿಕ್ಕಿರಿದಿದ್ದರು. ಮಾಸ್ತರರೂ ಒತ್ತರಿಸಿಕೊಂಡು ಕೂತರು.

ಬಾಟಲಿ ಬಗ್ಗಿಸಿದ್ದ ಸುಲಕ್ಷಾ ಕಿಟಕಿಯಿಂದ ಕೂಗಿದಳು. “ಎಲ್ಲಿಗೆ ಹೊರಟಿರಿ? ನಿಮಗೆ ಈಜು ಬರೋದಿಲ್ಲವಲ್ಲ!”

“ಅವನು ಗಟ್ಟಿ ಇದ್ದಾನೆ ಅಂತ ನೀನೇ ಹೇಳಿದೆಯಲ್ಲ.”

ಅವಳ ಕೈ ಅಲ್ಲೇ ನಿಂತಿತು. ಹುಟ್ಟಿದಾಗಿನಿಂದ ಅಲುಗುವ ದೋಣಿಯ ಮೇಲೆ ನಿಂತವನು ಇವನು. ಹತ್ತು ಕುಡಿದು ತಲೆ ತಿರುಗಿದರೂ ಇವನ ಕಾಲು ತಪ್ಪೀತೆ?

ಬಾಟಲಿ ಕೆಳಗಿಟ್ಟವಳೇ ಓಡಿದಳು. ದೋಣಿಯ ಹುಟ್ಟು ಕಿತ್ತು ಎದೆಗವಚಿ ನಿಂತಳು. ದತ್ತಾರಾಮ ಹಿಂದೆಯೇ ಬಂದ.

“ಕೊಡೇ ಇಲ್ಲಿ!”

“ಪೆಗ್ಗೂ ಇಲ್ಲ, ಹುಟ್ಟೂ ಇಲ್ಲ. ಕುಡಿಯದ ನಿನ್ನ ತಮ್ಮ ಇದ್ದಾನಲ್ಲ, ಅವನು ನಡೆಸಲಿ. ನೀನು ಊಟಕ್ಕೆ ಕೂತುಕೋ. ಬಂಗಡೆ ಹುರಿದು ತರ್ತೇನೆ.”

“ನಿನ್ನೆವರೆಗೆ ಮೀನು ಕೊಯ್ಯುತ್ತಿದ್ದವಳು ನನಗೆ ದೋಣಿ ಕಲಿಸ್ತೀಯಾ?”

“ಕಲಿಸೋದಿಲ್ಲ. ಕೊಡೋದೂ ಇಲ್ಲ.”

ದೋಣಿಯಲ್ಲಿದ್ದ ಮುದುಕಿಯೊಬ್ಬಳು ಬೆರಳಿಟ್ಟು ಸಿಳ್ಳೆ ಹೊಡೆದಳು. ದಂಡೆಗೆ ದಂಡೆಯೇ ಹೋ ಎಂದಿತು. ಅಷ್ಟು ಜನರೆದುರು ಜಗಳಕ್ಕಿಂತ ಬಂಗಡೆಯೇ ವಾಸಿ ಅನ್ನಿಸಿತೋ ಏನೋ, ದತ್ತಾರಾಮ ಗೊಣಗುತ್ತ ಒಳಗೆ ಹೋದ.

ತಮ್ಮ ಹುಟ್ಟು ಹಿಡಿದ. ದೋಣಿ ದಡ ಬಿಟ್ಟಿತು. ಮಾಸ್ತರರು ಅಲ್ಲಿಂದಲೇ ಕೌಂಟರಿನ ಕೀಲಿಯನ್ನು ಎಸೆದರು. ಸುಲಕ್ಷಾ ಜಿಗಿದು ಹಿಡಿದಳು. ನೀರಂಚಿಗೆ ಓಡಿ ಕೂಗಿದಳು.

“ಮಾಸ್ತರೇ, ನಾನು ಹಾಕಿಬಿಟ್ಟಿದ್ದರೆ ಅವನ ಜೊತೆ ನಿಜಕ್ಕೂ ಹೋಗಿಬಿಡ್ತಿದ್ದಿರಾ?”

“ಬಾಟಲಿ ನಿನ್ನ ಕೈಯಲ್ಲಿತ್ತು. ನನ್ನನ್ನ ಯಾಕೆ ಕೇಳ್ತೀಯೇ?”