ಕುಂಬಾರಗಿತ್ತಿಯ ಕೊನೆಯ ಮಾತು

"ಗುರುಗಳೇ, ನಾನು ಬರೆದ ನಾಟಕವನ್ನು ಒಂದು ಕಂಪನಿಯವರು ಕೇಳುತ್ತಿದ್ದಾರೆ. ಕೊಟ್ಟರೆ ಕೆಡಿಸುತ್ತಾರೆ. ನನ್ನ ಹತ್ತಿರವೇ ಇಟ್ಟುಕೊಂಡರೆ ಕೆಡದೆ ಉಳಿಯುತ್ತದಲ್ಲವೇ?" ಎಂದು ಶಿಷ್ಯ ಕೇಳಿದ. ಬಟ್ಟೆಯಲ್ಲಿ ಸುತ್ತಿದ ಹಸ್ತಪ್ರತಿ ಅವನ ತೊಡೆಯ ಮೇಲಿತ್ತು. ಅದರ ಮೇಲಿಂದ ಅವನು ಕೈ ತೆಗೆದಿರಲಿಲ್ಲ.

ಗುರುಗಳು ಈ ಕತೆ ಹೇಳಿದರು.

ಒಬ್ಬ ನಾಟಕಕಾರನಿದ್ದ. ಊರೂರು ತಿರುಗುವ ಕಂಪನಿಗೆ ನಾಟಕ ಬರೆದುಕೊಡುತ್ತಿದ್ದ. ಅವನ ಸರಕು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಬರೆದ ಹಲವು ನಾಟಕಗಳಲ್ಲಿ ಒಂದು ಕುಂಬಾರಗಿತ್ತಿಯದು. ಊರ ಬಾವಿಗೆ ರಾಜ ಬೀಗ ಹಾಕಿಸುತ್ತಾನೆ. ಅವಳು ಅರಮನೆಗೆ ಹೋಗಿ ವಾದಿಸುತ್ತಾಳೆ. ಕೊನೆಗೆ ಅವಳು ಆಡುವ ಮಾತಿಗೆ, ಅಂಗಡಿ ಮುಚ್ಚಿ ಬಂದ ಸೆಟ್ಟಿಗಳೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಸೆಟ್ಟಿಯ ಕಣ್ಣಲ್ಲಿ ನೀರು ತರಿಸುವುದು ಸಣ್ಣ ಕೆಲಸವಲ್ಲ.

ಆ ಕಾಲದಲ್ಲಿ ನಾಟಕವನ್ನು ಅಚ್ಚು ಹಾಕಿಸುತ್ತಿರಲಿಲ್ಲ. ಅಚ್ಚಾದರೆ ಬೇರೆ ಕಂಪನಿಯವರು ಎತ್ತಿಕೊಂಡು ಆಡುತ್ತಾರೆಂಬ ಭಯ. ಪೂರ್ತಿ ಪ್ರತಿ ಇರುವುದು ಒಂದೇ, ಅದು ನಾಟಕಕಾರನ ಬಳಿ. ನಟರಿಗೆ ಅವರವರ ಮಾತನ್ನು ಮಾತ್ರ ಬರೆದುಕೊಡುವುದು. ಜೊತೆಗೆ ಎದುರಿನವನ ಮಾತಿನ ಕೊನೆಯ ಪದ ಇರುತ್ತಿತ್ತು, ಎಲ್ಲಿ ಬಾಯಿ ತೆರೆಯಬೇಕೆಂದು ತಿಳಿಯಲು.

ಅರಮನೆಯ ಬಾಗಿಲು ಕಾಯುವ ಪಾತ್ರ ಕಂಪನಿಯ ಹಾಸ್ಯಗಾರನದು. ಅವನ ಪಾಲಿಗೆ ಬರೆದದ್ದು ನಾಲ್ಕು ಸಾಲು. ಅವನು ನಲವತ್ತು ಆಡುತ್ತಿದ್ದ. ಕುಂಬಾರಗಿತ್ತಿ ಬಂದು ಬಾಗಿಲು ತಟ್ಟಿದರೆ, "ಈಗ ಬಿಡೋಕಾಗಲ್ಲ ತಾಯಿ. ಪ್ರಭುಗಳು ಇದೇ ಊರ ಬಸ್ ಸ್ಟ್ಯಾಂಡ್ ಹೋಟೆಲಿನ ಇಡ್ಲಿ ತಿಂದಿದ್ದಾರೆ. ಅದು ಕರಗಿದ ಮೇಲೆ ಬಾ" ಎನ್ನುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು. ಪರದೆಯ ಪಕ್ಕದಲ್ಲಿ ನಿಂತ ನಾಟಕಕಾರನಿಗೆ ಮೈ ಉರಿಯುತ್ತಿತ್ತು.

ಒಂದು ದಿನ ಅವನನ್ನು ತಡೆದು ಕೇಳಿದ: "ನಾನು ಬರೆಯದ ಮಾತು ನಿನ್ನ ಬಾಯಲ್ಲಿ ಯಾಕೆ ಬರುತ್ತದೆ?"

ಹಾಸ್ಯಗಾರ ಮುಖದ ಬಣ್ಣ ಒರೆಸಿಕೊಳ್ಳುತ್ತ, "ನಿಮ್ಮದು ಜೋಳದ ರೊಟ್ಟಿ, ಸ್ವಾಮಿ. ನಾನು ಒಂದಿಷ್ಟು ಚಟ್ನಿ ಹಚ್ಚುತ್ತೇನೆ. ಜನರ ಹೊಟ್ಟೆಗೆ ಹೋಗೋದು ರೊಟ್ಟಿಯೇ" ಎಂದ.

ನಾಟಕಕಾರನಿಗೆ ಅದು ರುಚಿಸಲಿಲ್ಲ. ಅವನು ಸಿನಿಮಾ ಮಾಡಲು ಹೋದ. ಸಿನಿಮಾದಲ್ಲಿ ಆಡಿದ ಮಾತು ಆಡಿದ್ದೇ, ನಾಳೆ ಬೇರೆ ಊರಿನಲ್ಲಿ ಬದಲಾಗುವುದಿಲ್ಲ. ತನ್ನ ನಾಟಕಗಳನ್ನು ಒಂದೊಂದಾಗಿ ಚಿತ್ರ ಮಾಡಿದ. ಒಂದಕ್ಷರ ಆಚೀಚೆಯಾದರೆ ಮತ್ತೆ ಆಡಿಸುತ್ತಿದ್ದ. ಕುಂಬಾರಗಿತ್ತಿಯ ಕೊನೆಯ ಮಾತು ಸರಿಬರಲು ಪೂರ್ತಿ ಒಂದು ದಿನ ಹಿಡಿಯಿತು. ಆಮೇಲೆ ಕಂಪನಿಗೆ ಹೋಗಿ, ಇನ್ನು ತನ್ನ ನಾಟಕ ಆಡಕೂಡದೆಂದು ಹೇಳಿ, ನಟರಿಗೆ ಬರೆದುಕೊಟ್ಟ ಪಾತ್ರದ ಹಾಳೆಗಳನ್ನೆಲ್ಲ ವಾಪಸು ಪಡೆದ. ತನ್ನ ಪ್ರತಿಯನ್ನೂ ಸೇರಿಸಿ ಬಚ್ಚಲ ಒಲೆಗೆ ಹಾಕಿದ. ಮಾತು ಚಿತ್ರದಲ್ಲಿ ಕೂತ ಮೇಲೆ ಕಾಗದ ಯಾರಿಗೆ ಬೇಕು ಎಂಬುದು ಅವನ ಲೆಕ್ಕ. ಅಂದು ಸ್ನಾನದ ನೀರು ಚೆನ್ನಾಗಿ ಕಾಯಿತು.

ಚಿತ್ರಗಳು ಓಡಿದವು. ಹೆಸರು ಬಂತು. ಒಂದು ಸಲ ಅವನು ಯಾವುದೋ ಸಣ್ಣ ಊರಿನ ಟೆಂಟಿನಲ್ಲಿ ತನ್ನ ಚಿತ್ರ ನೋಡಲು ಕೂತ. ಕುಂಬಾರಗಿತ್ತಿ ಕೊನೆಯ ಮಾತಿಗೆ ಬಾಯಿ ತೆರೆದಳು, ಅಷ್ಟರಲ್ಲಿ ಬಾವಿಯ ಬೀಗ ತೆಗೆದಾಗಿತ್ತು. ಎರಡನೆಯ ಆಟ ಬೇಗ ಮುಗಿಯಲೆಂದು ಟೆಂಟಿನವನು ನಡುವಿದ್ದ ಅವಳ ಮಾತನ್ನೇ ಕತ್ತರಿಸಿದ್ದ. ನಾಟಕಕಾರ ಅಂದೇ ನಿರ್ಧರಿಸಿದ. ಸುತ್ತುತ್ತಿದ್ದ ಪ್ರತಿಗಳನ್ನೆಲ್ಲ ಹಿಂದಕ್ಕೆ ತರಿಸಿ ನಾಶ ಮಾಡಿಸಿದ. ಮೂಲ ಸುರುಳಿಗಳನ್ನು ಮಾತ್ರ ಡಬ್ಬಿಗಳಲ್ಲಿ ಭದ್ರವಾಗಿ ಮುಚ್ಚಿ ಮನೆಯ ಕಬ್ಬಿಣದ ಬೀರುವಿನಲ್ಲಿಟ್ಟ. ಬೀಗದ ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡ.

ಫಿಲಮ್ಮು ತೊಳೆಯುವ ಲ್ಯಾಬಿನವನು ಆಗಲೇ ಎಚ್ಚರಿಸಿದ್ದ. ಫಿಲಮ್ಮನ್ನು ಆಗಾಗ ಬಿಚ್ಚಿ ಗಾಳಿಯಾಡಿಸಿ ಮತ್ತೆ ಸುತ್ತಿಡಬೇಕು ಎಂದಿದ್ದ. ಬಿಚ್ಚಿದರೆ ಗೆರೆ ಬೀಳುತ್ತದೆಂದು ನಾಟಕಕಾರ ಒಮ್ಮೆಯೂ ಬಿಚ್ಚಲಿಲ್ಲ.

ವರ್ಷಗಳು ಹೋದವು. ಜನ ಮರೆತರು. ಮುದುಕನಾದ ಮೇಲೆ ಒಂದು ಸಂಘದವರು ಹುಡುಕಿಕೊಂಡು ಬಂದು, ಅವನ ಚಿತ್ರಗಳನ್ನೆಲ್ಲ ಮತ್ತೆ ತೋರಿಸುತ್ತೇವೆ ಎಂದರು. ಅವನು ಬೀರು ತೆರೆದ. ಕೆಟ್ಟ ಉಪ್ಪಿನಕಾಯಿಯ ಜಾಡಿ ತೆರೆದಂತೆ ಹುಳಿ ನಾತ ಬಂತು. ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಬೆಲ್ಲದ ಉಂಡೆಯ ಹಾಗೆ ಗಟ್ಟಿಯಾಗಿದ್ದವು. ಎಳೆದರೆ ಹಪ್ಪಳದಂತೆ ಮುರಿದವು. ಎಲ್ಲ ಡಬ್ಬಿಗಳ ಗತಿಯೂ ಅದೇ. ಲ್ಯಾಬಿನ ಹೊಸ ಹುಡುಗರು ನೋಡಿ, ಹೊರಗಿನದು ಏನೂ ಇದನ್ನು ಮುಟ್ಟಿಲ್ಲ, ಒಳಗೆ ಹುಟ್ಟಿದ ಹುಳಿಗೆ ಹೊರಗೆ ಹೋಗಲು ದಾರಿ ಸಿಗದೆ ಅದೇ ಫಿಲಮ್ಮನ್ನು ತಿಂದುಹಾಕಿದೆ ಎಂದರು.

ಸಂಘದವರು ಶಾಲು ಹೊದಿಸಿ ಹೋದರು.

ನಾಟಕಕಾರನಿಗೆ ಈಗ ಎಲ್ಲ ಚಿತ್ರಗಳೂ ಬೇಕಿರಲಿಲ್ಲ. ಕುಂಬಾರಗಿತ್ತಿಯ ಕೊನೆಯ ಮಾತು ಒಂದು ಸಿಕ್ಕರೆ ಸಾಕೆನಿಸಿತು. ಬರೆದವನು ತಾನೇ, ಆದರೂ ಬಾಯಿಗೆ ಬರಲಿಲ್ಲ. ಆ ಪಾತ್ರ ಮಾಡಿದವಳು ಸತ್ತು ಬಹಳ ಕಾಲವಾಗಿತ್ತು. ರಾಜನ ಪಾತ್ರ ಮಾಡಿದವನೂ ಇರಲಿಲ್ಲ. ಹಾಸ್ಯಗಾರ ಬದುಕಿದ್ದಾನೆಂದು ಕೇಳಿ ಅವನ ಊರಿಗೆ ಹೋದ. ಹಲ್ಲಿಲ್ಲದ ಮುದುಕ ಜಗಲಿಯ ಮೇಲೆ ಕೂತಿದ್ದ. ಗುರುತು ಹಿಡಿದು, ಕೇಳುವ ಮೊದಲೇ ಇಡ್ಲಿಯ ಮಾತು ಆಡಿ ತೋರಿಸಿದ. ಬೀದಿಯಲ್ಲಿ ಹೋಗುವವರು ನಿಂತು ನಕ್ಕರು.

"ಅದಲ್ಲಪ್ಪ. ಅವಳು ಕೊನೆಗೆ ಆಡುತ್ತಿದ್ದಳಲ್ಲ, ಆ ಮಾತು" ಎಂದ ನಾಟಕಕಾರ.

"ನನ್ನ ಹತ್ತಿರ ಇರೋದು ಚಟ್ನಿ, ಸ್ವಾಮಿ. ರೊಟ್ಟಿಯನ್ನು ನೀವೇ ಬಂದು ತಗೊಂಡು ಹೋದಿರಲ್ಲ." ಹಾಸ್ಯಗಾರ ಸ್ವಲ್ಪ ಯೋಚಿಸಿದ. "ಅವಳು ಮಾತಾಡುವಾಗ ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ. ಜನ ಅಳುತ್ತಿದ್ದರು. ಯಾಕೆ ಅಳುತ್ತಿದ್ದರು ಅನ್ನೋದು ಈಗ ನೆನಪಿಲ್ಲ. ಕೊನೆಯ ಪದ ಮಾತ್ರ ಗೊತ್ತು. 'ನೀರು' ಅಂದ ಕೂಡಲೇ ನಾನು ಬಾಗಿಲು ತೆಗೆಯಬೇಕಿತ್ತು."

ನಾಟಕಕಾರ ಆ ಒಂದು ಪದ ಹಿಡಿದುಕೊಂಡು ಮನೆಗೆ ಬಂದ. ಕಾಗದದ ಕೆಳತುದಿಯಲ್ಲಿ 'ನೀರು' ಎಂದು ಬರೆದ. ಮೇಲಿನ ಜಾಗ ತುಂಬಲೆಂದು ಕಾದು ಕೂತ. ಅವನು ಸತ್ತಾಗಲೂ ಆ ಕಾಗದದಲ್ಲಿ ಒಂದೇ ಪದವಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಗಂಟನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡು, "ಆದರೂ ಗುರುಗಳೇ, ಅವನು ಕಂಪನಿಗೇ ಬಿಟ್ಟಿದ್ದರೆ ಆ ಹಾಸ್ಯಗಾರ ಕೆಡಿಸುತ್ತಿದ್ದನಲ್ಲವೇ?" ಎಂದ.

"ಕೆಡಿಸುತ್ತಿದ್ದ. ಈಗ ಕೆಡಿಸುವುದಕ್ಕಾದರೂ ಏನಿದೆ?" ಎಂದರು ಗುರುಗಳು.