ನಾವಿದ್ದೇವೆ ಎಂಬ ಹೆಸರಿನ ಜಲಪಾತ

ಆಫ್ರಿಕದ ದಕ್ಷಿಣ ಭಾಗದಲ್ಲಿ ಲೆಸೊಥೊ ಎಂಬ ಪುಟ್ಟ ಬೆಟ್ಟನಾಡು ಇದೆ. ಅಲ್ಲಿಯ ರೆತೆಂಗ್ ಜಲಪಾತವನ್ನು ನೋಡಬೇಕೆಂದರೆ ಡಾಂಬರು ರಸ್ತೆ ಮುಗಿದ ಮೇಲೂ ಅರ್ಧ ದಿನ ಗಿಡ್ಡ ಕುದುರೆಯ ಬೆನ್ನ ಮೇಲೆ ಸಾಗಬೇಕು. ಹುಲ್ಲುಗಾವಲು ಇದ್ದಕ್ಕಿದ್ದಂತೆ ಮುಗಿದು ಕಾಲಬುಡದಲ್ಲೇ ಕಣಿವೆ ಬಾಯಿ ತೆರೆಯುತ್ತದೆ, ಹೊಳೆ ಅದರೊಳಕ್ಕೆ ಧುಮುಕುತ್ತದೆ. ಮಳೆಯ ದಿನಗಳಲ್ಲಿ ಅಲ್ಲಿ ಪಕ್ಕದವರ ಮಾತು ಕೂಡ ಕೇಳಿಸದು. ನಮ್ಮಲ್ಲಿ ಮುಂಗಾರು ಹಿಡಿಯುವ ಹೊತ್ತಿಗೆ ಅಲ್ಲಿ ಕಡುಚಳಿ. ಆಗ ನೀರೆಲ್ಲ ಹೆಪ್ಪುಗಟ್ಟಿ ಬಂಡೆಗೆ ಅಂಟಿದ ಬಿಳಿಯ ಕಂಬದಂತೆ ನಿಂತುಬಿಡುತ್ತದೆ. ಆ ನಾಡಿನಲ್ಲಿ ಇಬ್ಬರು ಎದುರಾದರೆ ಒಬ್ಬರು ‘ಲೆ ಕಾಯೆ?’ ಎನ್ನುತ್ತಾರೆ. ಹೇಗಿದ್ದೀರಿ ಎಂದು ಕೇಳುವ ಮಾತದು, ಆದರೆ ಅದರ ನೇರ ಅರ್ಥ ‘ಎಲ್ಲಿದ್ದೀರಿ?’ ಎಂದು. ಅದಕ್ಕೆ ಇನ್ನೊಬ್ಬರ ಉತ್ತರ ‘ರೆ ತೆಂಗ್’, ಅಂದರೆ ‘ನಾವಿದ್ದೇವೆ’. ದಿನಬಳಕೆಯ ಈ ಎರಡು ಪದ ಜಲಪಾತದ ಹೆಸರಾದ ಬಗೆಯನ್ನು ಅಲ್ಲಿಯ ಹಿರಿಯರು ಇಂದಿಗೂ ಹೇಳುತ್ತಾರೆ.

ಹಿಂದೆ ಎಂದೋ ಒಮ್ಮೆ ಆ ಸೀಮೆಯಲ್ಲಿ ದೊಡ್ಡ ಗಲಭೆ ಎದ್ದಿತ್ತಂತೆ. ಈಟಿ ಹಿಡಿದ ದಂಡುಗಳು ಊರಿಂದೂರಿಗೆ ನುಗ್ಗಿ ದನ ಹೊಡೆದುಕೊಂಡು, ಕಣಜ ಬರಿದುಮಾಡಿ, ಗುಡಿಸಲುಗಳಿಗೆ ಬೆಂಕಿ ಇಡುತ್ತಿದ್ದವು. ಹೊಳೆಯ ದಡದಲ್ಲಿ ಲೆಬೊನಾ ಎಂಬ ಮುದುಕ ಒಂದು ಸಣ್ಣ ಊರಿನ ಯಜಮಾನನಾಗಿದ್ದ. ದಂಡು ಬರುತ್ತಿದೆ ಎಂಬ ಸುದ್ದಿ ಕೇಳಿದೊಡನೆ ಅವನು ಹೆಂಗಸರನ್ನೂ ಮಕ್ಕಳನ್ನೂ ಜಲಪಾತದ ಹಿಂದಿನ ಗವಿಗೆ ಕಳಿಸಿದ. ಗಂಡಸರು ದನಗಳನ್ನು ಬೇರೆ ದಿಕ್ಕಿಗೆ ಅಟ್ಟಿಕೊಂಡು ಹೋಗಿ ದಂಡನ್ನು ತಮ್ಮ ಹಿಂದೆ ಎಳೆಯಬೇಕು, ಅಪಾಯ ಕಳೆದ ಮೇಲೆ ಬಂಡೆಯ ತುದಿಯಿಂದ ಕೂಗಿ ಕರೆಯಬೇಕು ಎಂದು ಮಾತಾಯಿತು. ಗವಿಗೆ ಹೋದವರ ಹೊಣೆ ಹೊತ್ತವಳು ಅವನ ಸೊಸೆ ದಿನೆಯೊ. ಅವಳು ಆಗ ತುಂಬು ಬಸುರಿ. ಜೋಳದ ಚೀಲಗಳನ್ನು ಹೊತ್ತು, ಬಂಡೆಗೆ ಅಂಟಿದ ಕಾಲುದಾರಿಯಲ್ಲಿ ಅವರು ಇಳಿದು ಗವಿ ಸೇರಿದ ಮೇಲೆ ಮಳೆ ಹಿಡಿಯಿತು. ಹೊಳೆ ಉಕ್ಕಿ ಬಂದು ಆ ಕಾಲುದಾರಿಯನ್ನೇ ಕಿತ್ತುಕೊಂಡು ಹೋಯಿತು.

ಆ ಮಳೆಗಾಲದಲ್ಲೇ ಗಂಡಸರು ದಂಡಿನಿಂದ ತಪ್ಪಿಸಿಕೊಂಡು ಹಿಂದಿರುಗಿದರು. ದಿನೆಯೊಳ ಗಂಡ ಸೆಯಿಸೊ ಬಂಡೆಯ ತುದಿಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದ. ನೀರಿನ ಮೊರೆತದಲ್ಲಿ ಅವನ ಕೂಗು ಅವನ ಕಿವಿಗೇ ಬೀಳಲಿಲ್ಲ. ಕೆಳಗೆ ಇಣುಕಿದರೆ ದಾರಿಯಿಲ್ಲ, ಬರೀ ಹನಿಯ ಮಂಜು. ಎಲ್ಲರೂ ನೀರುಪಾಲಾದರೆಂದು ತಿಳಿದು ಗಂಡಸರು ದೂರದ ಗುಡ್ಡಗಳಿಗೆ ಹೋದರು. ಇತ್ತ ಗವಿಯೊಳಗೆ ದಿನೆಯೊ ಹೆಣ್ಣುಮಗುವನ್ನು ಹೆತ್ತಳು. ಗವಿಯ ಬುಡದ ಮಡುವಿನಲ್ಲಿ ಮೀನು ಹಿಡಿದು, ಬಂಡೆಯ ಬಿರುಕುಗಳಲ್ಲಿ ಬೆಳೆದ ಸೊಪ್ಪು ಕಿತ್ತು, ಜೋಳವನ್ನು ಹಿಡಿಹಿಡಿಯಾಗಿ ಹಂಚಿ ಅವಳು ಎಲ್ಲರ ಜೀವ ಉಳಿಸಿದಳು. ಕರೆ ಮಾತ್ರ ಬರಲಿಲ್ಲ. ಗಂಡಸರು ಸತ್ತರೇನೋ ಎಂದು ಎಲ್ಲರ ಎದೆಯಲ್ಲೂ ಇತ್ತು, ಬಾಯಿಬಿಟ್ಟು ಯಾರೂ ಆಡಲಿಲ್ಲ.

ಚಳಿಗಾಲ ಬಂತು. ಒಂದು ಮುಂಜಾನೆ ಎಚ್ಚರವಾದಾಗ ಸದ್ದೇ ಇಲ್ಲ. ಜಲಪಾತ ಹೆಪ್ಪುಗಟ್ಟಿತ್ತು. ಅಷ್ಟು ದಿನ ಕೇಳಿ ಕೇಳಿ ಒಗ್ಗಿಹೋದ ಮೊರೆತ ನಿಂತದ್ದೇ ಎಲ್ಲರಿಗೂ ಭಯ. ಇನ್ನು ಒಂದು ಕೆಮ್ಮು ಕೂಡ ಮೇಲಿನವರೆಗೆ ಕೇಳಿಸುತ್ತದೆ. ದಿನೆಯೊ ಮಗುವಿನ ಬಾಯಿಗೆ ಮೊಲೆ ಕೊಟ್ಟು ಉಸಿರು ಬಿಗಿಹಿಡಿದು ಕೂತಳು. ಬಿಸಿಲೇರಿದಾಗ ಮೇಲಿನಿಂದ ಒಡಕು ದನಿಯೊಂದು ಕೇಳಿತು: “ಲೆ ಕಾಯೆ?”

ಗವಿಯಲ್ಲಿದ್ದ ಹಿರಿಯಜ್ಜಿ ದಿನೆಯೊಳ ತೋಳು ಹಿಡಿದಳು. “ಉತ್ತರ ಕೊಡಬೇಡ, ಮಗಳೇ. ದಂಡಿನವರೂ ನಮ್ಮ ಮಾತೇ ಆಡುತ್ತಾರೆ.”

ಸ್ವಲ್ಪ ಹೊತ್ತಿಗೆ ಆ ದನಿ ಮತ್ತೆ ಕೇಳಿತು, ಆದರೆ ಈ ಸಲ ಯಾರನ್ನೂ ಕರೆಯುವಂತಿರಲಿಲ್ಲ. ಅದು ಲೆಬೊನಾನ ದನಿ. ಉಳಿದ ಗಂಡಸರೊಡನೆ ಆ ಸೀಮೆಯನ್ನೇ ಬಿಟ್ಟು ಹೋಗುವ ಮುನ್ನ ಅವನು ಸತ್ತವರಿಗೆ ವಿದಾಯ ಹೇಳಲು ಬಂದಿದ್ದ. ಒಬ್ಬೊಬ್ಬರ ಹೆಸರನ್ನೂ ಹಿಡಿದು ಹೇಳುತ್ತಿದ್ದ. ಅಜ್ಜಿಯ ಹೆಸರು, ಮಕ್ಕಳ ಮುದ್ದಿನ ಹೆಸರುಗಳು, ಕೊನೆಗೆ “ನನ್ನ ಸೊಸೆ ದಿನೆಯೊ, ನಿನ್ನನ್ನು ನಾನೇ ಕಳಿಸಿಕೊಟ್ಟೆನಲ್ಲವ್ವಾ” ಎಂದು ದನಿ ಮುರಿಯಿತು. ಅಜ್ಜಿಯ ಹಿಡಿತ ತಾನಾಗಿಯೇ ಸಡಿಲಿತು.

ದಿನೆಯೊ ಗವಿಯ ಬಾಯಿಗೆ ಓಡಿದಳು. ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ತರಬಾರದೆಂಬುದು ಅವರ ಪದ್ಧತಿ. ಹಾಗಾಗಿ ಕೂಗಿ ಕರೆಯಲು ಅವಳಿಗೆ ಹೆಸರಿಲ್ಲದೆ ಹೋಯಿತು. ಅವನ ಮೊದಲ ಪ್ರಶ್ನೆಗೆ ಕೊಡಬೇಕಾಗಿದ್ದ ಉತ್ತರವನ್ನೇ ಅವಳು ಕೂಗಿದಳು: “ರೆ ತೆಂಗ್! ರೆ ತೆಂಗ್!”

ಮೇಲಿನಿಂದ ಮುದುಕನ ದನಿ ಕೇಳಿತು, “ಎಲ್ಲರೂ?”

“ಎಲ್ಲರೂ. ಒಬ್ಬಳು ಹೆಚ್ಚಿಗೆ ಇದ್ದಾಳೆ.”

ಲೆಬೊನಾ ಇದ್ದಲ್ಲೇ ಹಿಮದ ಮೇಲೆ ಕುಸಿದು ಕೂತು, ಮಗುವಿನಂತೆ ಅತ್ತು, ಮತ್ತೆ ನಕ್ಕನಂತೆ. ಮರುದಿನ ಸೆಯಿಸೊ ದನದ ಚರ್ಮದ ಹಗ್ಗ ಕಟ್ಟಿಕೊಂಡು ಕೆಳಗಿಳಿದ. ಹೆಂಡತಿ ಕೈಗಿತ್ತ ಕೂಸನ್ನು ತನ್ನ ಹೊದಿಕೆಯೊಳಗೆ ಸೇರಿಸಿಕೊಂಡು, ಅದರ ಕಾಲ್ಬೆರಳುಗಳನ್ನು ಮುಟ್ಟಿ ಮುಟ್ಟಿ ನೋಡಿದನಂತೆ. ದೂರದ ನಾಡಿಗೆ ಹೋಗುವ ಮಾತು ಅಲ್ಲಿಗೇ ನಿಂತಿತು. ಗಂಡಸರೆಲ್ಲ ಗವಿಗೇ ಬಂದು ಸೇರಿದರು. ಚಳಿಗಾಲವನ್ನು ಅಲ್ಲೇ ಕಳೆದು, ನೀರು ಮತ್ತೆ ಹರಿಯತೊಡಗಿದಾಗ ಹಳೆಯ ಊರಿನ ಜಾಗದಲ್ಲೇ ಹೊಸ ಗುಡಿಸಲು ಕಟ್ಟಿದರು ಎನ್ನುತ್ತಾರೆ.

ಇಂದು ಗವಿಗೆ ಇಳಿಯಲು ಕಬ್ಬಿಣದ ಏಣಿಯಿದೆ. ಒಳಗೆ ಹೋದವರಿಗೆ ಚಾವಣಿಯ ಮಸಿಯೂ ಜೋಳ ಅರೆದು ತಗ್ಗಾದ ಕಲ್ಲೂ ಕಾಣುತ್ತವೆ. ಗವಿಯ ಅಂಚಿನುದ್ದಕ್ಕೂ ಕಲ್ಲು ಪೇರಿಸಿದ ಒಂದು ಗೋಡೆಯಿದೆ. ವೈರಿಗಳನ್ನು ತಡೆಯಲು ಕಟ್ಟಿದ್ದೆಂದು ಪ್ರವಾಸಿಗರು ತಮ್ಮಷ್ಟಕ್ಕೆ ಅಂದುಕೊಂಡು ಫೋಟೋ ತೆಗೆಯುತ್ತಾರೆ. ಆದರೆ ಅದು ಮೊಣಕಾಲೆತ್ತರವೂ ಇಲ್ಲ. ಮೊಮ್ಮಗಳು ಅಂಬೆಗಾಲಿಡಲು ಶುರುಮಾಡಿದ ದಿನ ಲೆಬೊನಾ ಮುದುಕ ತಾನೇ ಕಲ್ಲು ಹೊತ್ತು ಅದನ್ನು ಕಟ್ಟಿದನಂತೆ.