ಗಿಟಾರಿನ ಮೆಟ್ಟಿಲುಗಳು

ಗಿಟಾರಿನ ಕತ್ತಿನ ಮೇಲೆ ಅಡ್ಡಲಾಗಿ ಕೂತಿದ್ದ ಲೋಹದ ಮೆಟ್ಟಿಲುಗಳಿಗೆ ಬಲು ಜಂಬ. ಬೆರಳು ತಂತಿಯನ್ನು ಒತ್ತಿ ಅವುಗಳಿಗೆ ತಾಗಿಸಿದರಷ್ಟೇ ಸ್ವರ ಬದಲಾಗುತ್ತಿತ್ತು. "ನಮ್ಮ ಅಪ್ಪಣೆಯಿಲ್ಲದೆ ನಿನಗೆ ಸ್ವರವಿಲ್ಲ" ಎಂದು ತಂತಿಯನ್ನು ಗದರುತ್ತಿದ್ದವು.

"ನಿಮ್ಮ ಹಿರಿಯರು ವಾದ್ಯದ ಕತ್ತಿಗೆ ಸುತ್ತಿದ ಕುರಿ ಕರುಳಿನ ದಾರವಾಗಿದ್ದರು. ನುಡಿಸುವವರು ಬೇಕೆಂದಾಗ ಸರಿದು ಕೂರುತ್ತಿದ್ದರು" ಎಂದಿತು ತಂತಿ.

"ನಾವು ಸರಿಯುವವರಲ್ಲ."

ಒಂದು ದಿನ ಧಾರವಾಡದ ವತ್ಸಲಾಬಾಯಿ ಆ ಗಿಟಾರನ್ನು ಕೊಂಡರು. ಅವರಿಗೆ ಸ್ವರದಿಂದ ಸ್ವರಕ್ಕೆ ಜಾರುವ ರಾಗ ಬೇಕಿತ್ತು. ವಾದ್ಯ ರಿಪೇರಿಯ ಮೌನೇಶನಿಂದ ತಂತಿಗಳನ್ನು ಮೆಟ್ಟಿಲುಗಳಿಗೆ ತಾಗದಷ್ಟು ಎತ್ತರ ಮಾಡಿಸಿಕೊಂಡು, ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ಕಂಬಿ ಜಾರಿಸುತ್ತ ನುಡಿಸಿದರು. ತಂತಿ ಮೆಟ್ಟಿಲುಗಳನ್ನು ಮುಟ್ಟಲೇ ಇಲ್ಲ. ರಾಗ ಮಾತ್ರ ಹರಿಯಿತು.

ಮೌನೇಶ ಇಕ್ಕಳ ಹಿಡಿದ. "ಅಕ್ಕಾರೆ, ಇವು ಇನ್ನ ಯಾಕ? ಕಿತ್ತು ಒಗೀಲೇನು?"

ಮೆಟ್ಟಿಲುಗಳು ಕತ್ತಿನ ಮರವನ್ನು ಬಿಗಿಯಾಗಿ ಕಚ್ಚಿಕೊಂಡವು.

"ಬ್ಯಾಡಪಾ. ಕಂಬಿ ಎಲ್ಲಿ ನಿಲ್ಲಿಸಬೇಕು ಅಂತ ನೋಡ್ಲಿಕ್ಕೆ ಬೇಕು" ಎಂದರು ವತ್ಸಲಾಬಾಯಿ.

ಅವರು ಎದ್ದು ಹೋದ ಮೇಲೆ ಮೆಟ್ಟಿಲುಗಳು ಮೆಲ್ಲಗೆ ಕೇಳಿದವು: "ಅಪ್ಪಣೆ ಕೊಡುವುದು ಹೋಯಿತು. ಇನ್ನು ಬರೀ ದಾರಿ ತೋರಿಸುವುದು, ಇಷ್ಟೇನಾ ನಮ್ಮ ಕೆಲಸ?"

"ಆ ಕೆಲಸ ಇದ್ದದ್ದಕ್ಕೇ ನೀವು ಇಕ್ಕಳದಿಂದ ಉಳಿದಿರಿ" ಎಂದಿತು ತಂತಿ.